ಮುದ್ದು ಮುಖಕ್ಕೆ ಲೈಕ್ ಬಂತು, ಗಿರಾಕಿ ಬರಲಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಸಣ್ಣ ವ್ಯಾಪಾರದವರು ಮೊಬೈಲಿನಲ್ಲೇ ಜಾಹೀರಾತು ಮಾಡಿಕೊಳ್ಳುವುದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಪ್ರಾಣಿಗಳ ಫೋಟೋದ ಬಗ್ಗೆಯೇ ಇವೆ. ನಾಯಿ, ಹಸು, ಆನೆ, ಎತ್ತು. ಒಂದು ಗೂಬೆಯೂ ಇದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವುಗಳಿಗೇ.

ಪ್ರಶ್ನೆ: ಮೈಸೂರಿನಲ್ಲಿ ನಾಯಿ, ಬೆಕ್ಕಿನ ಆಹಾರದ ಅಂಗಡಿ ಇಟ್ಟಿದ್ದೇನೆ. ಗೋಲ್ಡನ್ ರಿಟ್ರೀವರ್ ಮರಿಯೊಂದು ಹುಲ್ಲಿನ ಮೇಲೆ ಕೂತ ಫೋಟೋ ಹಾಕಿ, ದುಡ್ಡು ಕೊಟ್ಟು ಬೂಸ್ಟ್ ಮಾಡಿದೆ, ಅಂದರೆ ಹೆಚ್ಚು ಜನರಿಗೆ ಕಾಣುವಂತೆ ಮಾಡಿದೆ. 900 ಲೈಕ್ ಬಂತು. ಅಂಗಡಿಗೆ ಬಂದವರು ಇಬ್ಬರು. ಅವರಲ್ಲೊಬ್ಬರು ಮರಿ ಮಾರಾಟಕ್ಕಿದೆಯಾ ಅಂತ ಕೇಳೋಕೆ ಬಂದಿದ್ದರು! ಎಲ್ಲಿ ತಪ್ಪಿದೆ?
*(ಆಹಾರದ ಅಂಗಡಿಯವರು, ಮೈಸೂರು)*

ಉತ್ತರ: ಮರಿ ಕೇಳಿಕೊಂಡು ಬಂದ ಆ ಒಬ್ಬರೇ ಉತ್ತರ ಹೇಳಿ ಹೋಗಿದ್ದಾರಲ್ಲ. ನಿಮ್ಮ ಫೋಟೋ ಮಾರಿದ್ದು ಮರಿಯನ್ನು, ಊಟವನ್ನಲ್ಲ.

ಮರಿ ಕಂಡರೆ ಯಾರ ಬೆರಳೂ ನಿಲ್ಲುತ್ತದೆ, ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ. ದೊಡ್ಡ ತಲೆ, ಅಗಲ ಹಣೆ, ದೊಡ್ಡ ಕಣ್ಣು, ಗುಂಡು ಕೆನ್ನೆ ಕಂಡರೆ ಮನುಷ್ಯನಿಗೆ ತಾನಾಗಿಯೇ ಎತ್ತಿಕೊಳ್ಳಬೇಕು ಅನಿಸುತ್ತದೆ ಅಂತ ಕಾನ್ರಾಡ್ ಲೊರೆನ್ಜ್ ಎಂಬ ಪ್ರಾಣಿ ವಿಜ್ಞಾನಿ 1943ರಲ್ಲೇ ಬರೆದಿದ್ದರು. ಕೂಸು, ನಾಯಿಮರಿ, ಬೆಕ್ಕಿನ ಮರಿ ಎಲ್ಲಕ್ಕೂ ಅದೇ ಲೆಕ್ಕ. ಆದರೆ ಬೆರಳು ನಿಲ್ಲುವುದು ಬೇರೆ, ಆ ಮನುಷ್ಯ ಗಾಡಿ ತೆಗೆದು ನಿಮ್ಮ ಅಂಗಡಿಗೆ ಬರುವುದು ಬೇರೆ. ಮುದ್ದು ಜಾಸ್ತಿಯಾದರೆ ಅಂಗಡಿಯ ಹೆಸರೇ ಕಣ್ಣಿಗೆ ಬೀಳುವುದಿಲ್ಲ. ಲೈಕ್ ಒತ್ತಿದ ಆ 900 ಜನರಲ್ಲಿ ಮನೆಯಲ್ಲಿ ನಾಯಿ ಇರುವವರು ಎಷ್ಟು, ಅದರಲ್ಲೂ ಮೈಸೂರಿನಲ್ಲಿ ಇರುವವರು ಎಷ್ಟು ಅಂತ ನೋಡಿದ್ದೀರಾ?

ಹಚ್ ಮೊಬೈಲ್ ಕಂಪನಿಯ ಪಗ್ ನಾಯಿ ನೆನಪಿದೆ ಅಲ್ವಾ, 2003ರದ್ದು? ಅದೂ ಮುದ್ದೇ. ಆದರೆ ಅದು ಸುಮ್ನೆ ಕೂತು ಪೋಸ್ ಕೊಡಲಿಲ್ಲ. ಹುಡುಗ ಹೋದಲ್ಲೆಲ್ಲ ಅವನ ಹಿಂದೆ ಹೋಯಿತು. ನೀನು ಎಲ್ಲಿ ಹೋದರೂ ನಮ್ಮ ನೆಟ್‌ವರ್ಕ್ ನಿನ್ನ ಹಿಂದೆ ಅನ್ನುವುದೇ ಆ ಜಾಹೀರಾತಿನ ಮಾತು, ಆ ಮಾತನ್ನು ನಾಯಿಯೇ ನಡೆದು ತೋರಿಸಿತು. ಅದಕ್ಕೇ ಜನ ಪಗ್ ಅನ್ನೋದು ಬಿಟ್ಟು 'ಹಚ್ ನಾಯಿ' ಅಂದರು. ಅದರ ಇನ್ನೊಂದು ಮುಖವೂ ಇದೆ. ಆ ಜಾಹೀರಾತು ನೋಡಿ ಪಗ್ ಕೊಂಡವರಿಗೆ, ಚಪ್ಪಟೆ ಮೂತಿಯ ಆ ನಾಯಿ ನಮ್ಮ ಬಿಸಿಲಿನಲ್ಲಿ ಉಸಿರಾಡಲು ಎಷ್ಟು ಒದ್ದಾಡುತ್ತದೆ ಅನ್ನುವುದು ಮನೆಗೆ ತಂದ ಮೇಲೆ ಗೊತ್ತಾಯಿತು. ಫೋಟೋಕ್ಕೆ ಅಷ್ಟು ಶಕ್ತಿ ಇದೆ. ನೀವು ಯಾವ ನಾಯಿಯನ್ನು ತೋರಿಸುತ್ತೀರೋ ಜನ ಅದನ್ನೇ ಬಯಸುತ್ತಾರೆ.

ಈಗ ನಿಮ್ಮ ಅಂಗಡಿಗೆ ಬರೋಣ. ಬಿಲ್ ಪುಸ್ತಕ ತೆಗೆದು ಯಾರ್ಯಾರ ಮನೆಯಲ್ಲಿ ಯಾವ ನಾಯಿ ಇದೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಲ್ಯಾಬ್ರಡಾರ್ ಇರಬಹುದು, ಶಿಟ್ಸು ಇರಬಹುದು, ಬಿಳಿ ಪೊಮೆರೇನಿಯನ್ ಇರಬಹುದು, ಬೀದಿಯಿಂದ ತಂದು ಸಾಕಿದ ನಾಟಿ ನಾಯಿಯಂತೂ ಇದ್ದೇ ಇರುತ್ತದೆ. ವಿದೇಶದ ಹಸಿರು ಲಾನಿನ ಮೇಲೆ ಕೂತ ಮರಿಗಿಂತ ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ಸ್ಟೀಲ್ ತಟ್ಟೆಗೆ ಮೂತಿ ಇಟ್ಟ ಕಂದು ನಾಯಿಯ ಫೋಟೋ ನಿಮಗೆ ಜಾಸ್ತಿ ಕೆಲಸ ಮಾಡುತ್ತದೆ, ಯಾಕೆಂದರೆ ನೋಡಿದವರಿಗೆ 'ಅರೆ, ನಮ್ಮ ರಾಜ ಹೀಗೇ ತಿನ್ನೋದು' ಅನಿಸುತ್ತದೆ. ಆಹಾರದ ಪೊಟ್ಟಣ ಅದೇ ಫೋಟೋದಲ್ಲಿ ಇರಲಿ. ನಾಯಿ ಅದರ ಕಡೆ ನೋಡುತ್ತಿದ್ದರೆ ಇನ್ನೂ ಒಳ್ಳೆಯದು. ಮುಖ ಯಾವ ಕಡೆ ತಿರುಗಿದೆಯೋ ನಮ್ಮ ಕಣ್ಣೂ ಆ ಕಡೆಗೇ ಹೋಗುತ್ತದೆ. ಬಸ್ಸಿನಲ್ಲಿ ಒಬ್ಬ ಕಿಟಕಿಯಾಚೆ ಕತ್ತು ಚಾಚಿದರೆ ಎಲ್ಲರೂ ಚಾಚುತ್ತಾರಲ್ಲ, ಹಾಗೆ.

ಒಂದು ಎಚ್ಚರಿಕೆ. ಬೆಕ್ಕು ತಟ್ಟೆಯಲ್ಲಿ ಹಾಲು ಕುಡಿಯುವ ಫೋಟೋ ಎಲ್ಲ ಕಡೆ ಸಿಗುತ್ತದೆ, ಹಾಕಬೇಡಿ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ. ನಾಯಿಯ ಪಕ್ಕದಲ್ಲಿ ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಕಾಣಬಾರದು, ಅವು ನಾಯಿಗೆ ವಿಷ. ಪ್ರಾಣಿ ಸಾಕಿ ಪಳಗಿದವರು ಇದನ್ನು ಕಂಡರೆ 'ಇವರಿಗೇ ಗೊತ್ತಿಲ್ಲ, ನಮಗೇನು ಹೇಳ್ತಾರೆ' ಅಂತ ಮುಂದೆ ಹೋಗಿಬಿಡುತ್ತಾರೆ.

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರ ಮನೆಯಲ್ಲೇ ತುಪ್ಪ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇವೆ. ಜಾಹೀರಾತಿಗೆ ಯಾವ ಹಸುವಿನ ಫೋಟೋ ಹಾಕಬೇಕು? ಮಗ ಹೇಳುತ್ತಾನೆ, ಕಪ್ಪು ಬಿಳುಪಿನ ಹಸು ಹುಲ್ಲುಗಾವಲಿನಲ್ಲಿ ನಿಂತರೆ 'ರಿಚ್' ಆಗಿ ಕಾಣುತ್ತೆ ಅಂತ.
*(ತುಪ್ಪ ಮಾಡುವ ಗೃಹಿಣಿ, ಶಿವಮೊಗ್ಗ ಜಿಲ್ಲೆ)*

ಉತ್ತರ: ಅಮ್ಮಾ, ಮೊದಲು ಒಂದು ಪ್ರಶ್ನೆ. ನಿಮ್ಮ ಕೊಟ್ಟಿಗೆಯಲ್ಲಿ ಇರುವುದು ಯಾವ ಹಸು? ಅದರ ಫೋಟೋ ಹಾಕಿ. ಉತ್ತರ ಇಷ್ಟೇ, ಆದರೂ ನಿಮ್ಮ ಮಗನಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಪ್ಪು ಬಿಳುಪಿನದ್ದು ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಜಿಯನ್. ಯುರೋಪಿನ ಹಸು. ಅದರ ಬೆನ್ನು ನೇರ, ಡುಬ್ಬ ಇಲ್ಲ. ನಮ್ಮ ನಾಟಿ ಹಸುವಿಗೆ ಡುಬ್ಬ ಇರುತ್ತದೆ, ಕತ್ತಿನ ಕೆಳಗೆ ಗಂಗೆದೊಗಲು ಜೋತಾಡುತ್ತದೆ. 'ನಾಟಿ ಹಸುವಿನ ತುಪ್ಪ' ಅಂತ ಬರೆದು ಎಚ್‌ಎಫ್ ಫೋಟೋ ಹಾಕಿದ ಜಾಹೀರಾತುಗಳನ್ನು ನಾನು ವಾರಕ್ಕೆ ಎರಡಾದರೂ ನೋಡುತ್ತೇನೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರಿಗೆ ತಿಳಿಯಲ್ಲ ಅಂದುಕೊಳ್ಳಬೇಡಿ. ಹೆಚ್ಚು ದುಡ್ಡು ಕೊಟ್ಟು ಊರಿನ ತುಪ್ಪ ತರಿಸುವವರಲ್ಲಿ ಬಹಳ ಜನ ಚಿಕ್ಕಂದಿನಲ್ಲಿ ಅಜ್ಜಿ ಮನೆಯ ಕೊಟ್ಟಿಗೆ ನೋಡಿದವರೇ. ಅವರು ತರಿಸುವುದೇ ಆ ನೆನಪಿಗಾಗಿ. ಅವರ ಮುಂದೆ ಸ್ವಿಟ್ಜರ್ಲೆಂಡ್ ಇಟ್ಟರೆ ಹೇಗೆ?

ನಿಮ್ಮದು ಮಲೆನಾಡು ಗಿಡ್ಡ ಆಗಿದ್ದರಂತೂ ಚಿನ್ನ. 2012ರಲ್ಲಿ ಅದಕ್ಕೆ ಅಧಿಕೃತವಾಗಿ ತಳಿ ಅನ್ನುವ ಮಾನ್ಯತೆ ಸಿಕ್ಕಿದೆ. ಕುಳ್ಳು ಹಸು, ಹಾಗಾಗಿ ನಿಂತುಕೊಂಡು ಮೇಲಿನಿಂದ ಫೋಟೋ ತೆಗೆದರೆ ಕರುವಿನ ಹಾಗೆ ಕಾಣುತ್ತದೆ. ಕುಕ್ಕುರುಗಾಲಲ್ಲಿ ಕೂತು, ಅದರ ಕಣ್ಣಿನ ಮಟ್ಟದಿಂದ ತೆಗೆಯಿರಿ. ಬೆಳಿಗ್ಗೆ ಮೇಯಲು ಬಿಡುವ ಹೊತ್ತು, ಹಿಂದೆ ಅಡಿಕೆ ತೋಟವೋ ಹುಲ್ಲಿನ ಬ್ಯಾಣವೋ ಇದ್ದರೆ ಸಾಕು. ಹಣೆಗೆ ಕುಂಕುಮ, ಕೊರಳಿಗೆ ಹೂವಿನ ಹಾರ ಹಾಕಿ ದೀಪಾವಳಿಯ ಗೋಪೂಜೆಯ ಹಾಗೆ ಮಾಡಬೇಡಿ. ಹಬ್ಬದ ವಾರ ಆದರೆ ಸರಿ, ವರ್ಷವಿಡೀ ಅದನ್ನೇ ಓಡಿಸಿದರೆ ನಾಟಕ ಅನಿಸುತ್ತದೆ. ಮೂಗುದಾರ ಬಿಗಿಯಾಗಿ ಎಳೆದದ್ದು, ಪಕ್ಕೆಲುಬು ಎದ್ದು ಕಂಡದ್ದು, ಮೈಗೆ ಸಗಣಿ ಮೆತ್ತಿದ್ದು ಬೇಡ. ನಿಮಗೆ ಅದು ದಿನಾ ಕಾಣುವ ನೋಟ, ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕೊಳ್ಳುವವರಿಗೆ ಮೊದಲು ಕಾಣುವುದು ಅದೇ.

ಫೋಟೋದ ಮೇಲೆ 'ಎ2' ಅಂತ ದೊಡ್ಡದಾಗಿ ಬರೆಯುವ ಚಟ ಈಗ ಎಲ್ಲರಿಗೂ. ನಾಟಿ ಹಸುವಿನ ಹಾಲಿನದ್ದು ಅಂತ ಹೇಳುವ ಒಂದು ಬಗೆಯ ಪ್ರೋಟೀನಿನ ಹೆಸರು ಅದು. 2024ರ ಆಗಸ್ಟಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಎ1, ಎ2 ಅನ್ನುವ ಮಾತು ತೆಗೆಯಿರಿ ಅಂತ ಸೂಚನೆ ಹೊರಡಿಸಿ, ವಾರದೊಳಗೆ ಅದನ್ನು ಹಿಂದಕ್ಕೂ ತೆಗೆದುಕೊಂಡಿತು. ಆ ಜಗಳ ನಿಮಗೇಕೆ? 'ನಮ್ಮ ಕೊಟ್ಟಿಗೆಯ ಗೌರಿ' ಅಂತ ಹಸುವಿನ ಹೆಸರು ಬರೆಯಿರಿ.

ಪ್ರಶ್ನೆ: ಕೊಡಗಿನಲ್ಲಿ ಹೋಂಸ್ಟೇ ಇದೆ. ನಾಗರಹೊಳೆ ಹತ್ತಿರ. ಜಾಹೀರಾತಿಗೆ ಆನೆ ಮತ್ತು ಚಿರತೆ ಫೋಟೋ ಹಾಕಿದ್ದೆ. ಒಬ್ಬರು ಕಾಮೆಂಟಿನಲ್ಲಿ 'ಇದು ಕೀನ್ಯಾನಾ?' ಅಂತ ಕೇಳಿದರು. ನೂರಾರು ಜನ ನಕ್ಕರು. ಫೋಟೋ ಕೆಳಗೆ ಲಗತ್ತಿಸಿದ್ದೇನೆ, ಏನು ತಪ್ಪು ಹೇಳಿ.
*(ಹೋಂಸ್ಟೇ ಮಾಲೀಕರು, ದಕ್ಷಿಣ ಕೊಡಗು)*

ಉತ್ತರ: ಕ್ಷಮಿಸಿ, ನೋಡಿದ ತಕ್ಷಣ ನಾನೂ ನಕ್ಕೆ. ಅದು ಆಫ್ರಿಕಾದ ಆನೆ ಸ್ವಾಮಿ. ಕಿವಿ ಭುಜ ಮುಚ್ಚುವಷ್ಟು ದೊಡ್ಡದು, ನೆತ್ತಿ ಒಂದೇ ಗುಮ್ಮಟ. ನಮ್ಮ ಆನೆಯ ಕಿವಿ ಸಣ್ಣದು, ನೆತ್ತಿ ಎರಡು ಉಬ್ಬು. ಆಫ್ರಿಕಾದಲ್ಲಿ ಹೆಣ್ಣಿಗೂ ದಂತ ಇರುತ್ತದೆ, ನಮ್ಮಲ್ಲಿ ಹೊರಗೆ ಕಾಣುವ ದಂತ ಗಂಡಿಗೆ ಮಾತ್ರ. ನಿಮ್ಮ ಫೋಟೋದಲ್ಲಿ ಮರಿಗೆ ಹಾಲು ಕೊಡುತ್ತಿರುವ ತಾಯಿಗೇ ದಂತ ಇದೆ!

ಚಿರತೆಯದ್ದು ಇನ್ನೂ ಮಜಾ. ಇಂಗ್ಲಿಷಿನಲ್ಲಿ 'ಚೀತಾ' ಅಂತ ಹುಡುಕಿದ್ದೀರಿ ಅಂತ ಕಾಣುತ್ತದೆ. ಕನ್ನಡದ ಚಿರತೆ ಬೇರೆ, ಚೀತಾ ಬೇರೆ. ಚಿರತೆಯ ಮೈಮೇಲೆ ಹೂವಿನ ಹಾಗೆ ಗುಂಪು ಗುಂಪು ಚುಕ್ಕೆ. ಚೀತಾಗೆ ಬಿಡಿ ಬಿಡಿ ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಕಣ್ಣೀರು ಹರಿದಂತೆ ಕಪ್ಪು ಗೆರೆ. ಭಾರತದಲ್ಲಿ ಚೀತಾ ಅಳಿದುಹೋಗಿದೆ ಅಂತ 1952ರಲ್ಲಿ ಘೋಷಿಸಿದರು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ತಂದು ಬಿಟ್ಟಿದ್ದು ಮಧ್ಯಪ್ರದೇಶದ ಕೂನೋದಲ್ಲಿ. ನಿಮ್ಮ ಕಾಫಿ ತೋಟಕ್ಕೆ ಅದು ಬರಬೇಕಾದರೆ ಬಹಳ ದೂರ ನಡೆಯಬೇಕು.

ನಗು ಇರಲಿ. ಇಲ್ಲಿ ನಿಜವಾದ ತೊಂದರೆ ಬೇರೆ. ಹುಲಿಯ ಫೋಟೋ ಹಾಕಿದರೆ ಬಂದವರು ಹುಲಿ ಕೇಳುತ್ತಾರೆ. ಎರಡು ದಿನ ಇದ್ದು ಹುಲಿ ಕಾಣದೆ ಹೋದವರು ರಿವ್ಯೂನಲ್ಲಿ ಸಿಟ್ಟು ತೀರಿಸಿಕೊಳ್ಳುತ್ತಾರೆ. ಕಾಡಿನಲ್ಲಿ ಏನು ಕಾಣುತ್ತದೆ ಅಂತ ಅರಣ್ಯ ಇಲಾಖೆಯೇ ಗ್ಯಾರಂಟಿ ಕೊಡುವುದಿಲ್ಲ, ನೀವು ಕೊಡುತ್ತೀರಾ? ನಿಮ್ಮ ಜಗಲಿಯಲ್ಲಿ ಕೂತರೆ ನಿಜವಾಗಿ ಏನು ಕಾಣುತ್ತದೋ ಅದನ್ನು ಹಾಕಿ. ಕೆಂದಳಿಲು ಬರುತ್ತದಾ? ಅದರ ಉದ್ದ ಬಾಲ, ಕೆಂಪು ಕಪ್ಪು ಮೈ ಸಣ್ಣ ಪರದೆಯಲ್ಲೂ ಎದ್ದು ಕಾಣುತ್ತದೆ. ಮಂಗಟ್ಟೆ ಹಾರುತ್ತದಾ? ನಮ್ಮ ರಾಜ್ಯದ ಹಕ್ಕಿ ನೀಲಕಂಠ ತಂತಿಯ ಮೇಲೆ ಕೂರುತ್ತದಾ? ಮಳೆಗಾಲದಲ್ಲಿ ಎಲೆಯ ಮೇಲಿನ ಪುಟ್ಟ ಕಪ್ಪೆಯೂ ಸೊಗಸಾದ ಫೋಟೋ, ಮಳೆಗಾಲಕ್ಕೆಂದೇ ಕೊಡಗಿಗೆ ಬರುವವರು ಎಷ್ಟು ಜನ ಇದ್ದಾರೆ! ಆನೆ ಬೇಕೇ ಬೇಕು ಅಂದರೆ ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ದಡಕ್ಕೆ ಬರುವ ಹಿಂಡಿನ ಫೋಟೋ ಹಾಕಿ, ಕೆಳಗೆ 'ಕಬಿನಿ, ಏಪ್ರಿಲ್' ಅಂತ ಸ್ಪಷ್ಟವಾಗಿ ಬರೆಯಿರಿ.

ಅತಿಥಿಗಳು ತೆಗೆದ ಫೋಟೋ ಬಳಸುವುದಾದರೆ ಅವರಿಂದ ವಾಟ್ಸ್ಆ್ಯಪಿನಲ್ಲಾದರೂ ಒಪ್ಪಿಗೆ ಬರೆಸಿಕೊಳ್ಳಿ. ನಿಮ್ಮ ಅಂಗಳದಲ್ಲೇ ತೆಗೆದಿದ್ದರೂ ಫೋಟೋದ ಹಕ್ಕು ತೆಗೆದವರದ್ದು. ಗೂಡಿನಲ್ಲಿರುವ ಮರಿಹಕ್ಕಿ, ಕೋತಿಗೆ ಬಿಸ್ಕತ್ತು ಕೊಡುವ ಮಕ್ಕಳು, ಪಂಜರದ ಗಿಳಿ, ಇವು ಮೂರೂ ಬೇಡ. ನಮ್ಮ ಗಿಳಿಯನ್ನು ಪಂಜರದಲ್ಲಿ ಸಾಕುವುದೇ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ, ಅದನ್ನು ನೀವೇ ದುಡ್ಡು ಕೊಟ್ಟು ಸಾವಿರಾರು ಜನರಿಗೆ ತೋರಿಸಿದ ಹಾಗಾಗುತ್ತದೆ.

ಪ್ರಶ್ನೆ: ನಮ್ಮ ಟ್ಯೂಷನ್ ಸೆಂಟರ್‌ನ ಆ್ಯಡ್‌ಗೆ ಡಿಸೈನರ್ ಕನ್ನಡಕ ಹಾಕಿದ ಗೂಬೆ ಇಟ್ಟಿದ್ದಾರೆ. ಜ್ಞಾನದ ಸಂಕೇತವಂತೆ. ನಮ್ಮ ಅತ್ತೆ ನೋಡಿ 'ಥೂ' ಅಂದರು. ಯಾರ ಮಾತು ಕೇಳಲಿ?
*(ಟ್ಯೂಷನ್ ನಡೆಸುವವರು, ದಾವಣಗೆರೆ)*

ಉತ್ತರ: ಅತ್ತೆಯ ಮಾತು.

ಗೂಬೆ ಪಾಪದ ಹಕ್ಕಿ. ಇಲಿ ಹಿಡಿದು ರೈತನಿಗೆ ಉಪಕಾರ ಮಾಡುತ್ತದೆ. ಅದು ಅಪಶಕುನ ಅಂತ ನಾನೂ ನಂಬುವುದಿಲ್ಲ, ಆ ನಂಬಿಕೆಯಿಂದ ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆ ಅಂತ ಅವನ್ನು ಹಿಡಿಯುವುದು ಇನ್ನೂ ನಿಂತಿಲ್ಲ. ಆದರೆ ಟ್ಯೂಷನ್ ಜಾಹೀರಾತಿನಲ್ಲಿ ಆ ನಂಬಿಕೆಯನ್ನು ತಿದ್ದಲು ಹೊರಟರೆ ಸೀಟು ತುಂಬುವುದಿಲ್ಲ. ಕನ್ನಡದಲ್ಲಿ ದಡ್ಡನಿಗೆ 'ಗೂಬೆ' ಅಂತ ಬೈಯುತ್ತೇವೆ, ತಪ್ಪು ಹೊರಿಸುವುದಕ್ಕೆ 'ಗೂಬೆ ಕೂರಿಸುವುದು' ಅನ್ನುತ್ತೇವೆ. ಮಗನನ್ನು ಜಾಣ ಮಾಡಿ ಅಂತ ಫೀಸು ಕಟ್ಟುವ ತಂದೆತಾಯಿಗೆ ಬಾಗಿಲಲ್ಲೇ ಗೂಬೆ! ಗೂಬೆ ಜಾಣ ಅನ್ನುವುದು ಗ್ರೀಕರ ಕಡೆಯಿಂದ ಬಂದ ಮಾತು. ಬಂಗಾಳದಲ್ಲಾದರೆ ಅದು ಲಕ್ಷ್ಮಿಯ ವಾಹನ, ಅಲ್ಲಿ ಇದೇ ಫೋಟೋ ನಡೆಯಬಹುದು. ದಾವಣಗೆರೆಯಲ್ಲಿ ಬೇಡ. ಕತ್ತೆ, ಅಡ್ಡ ಬರುವ ಬೆಕ್ಕು, ಹಲ್ಲಿ ಇವನ್ನೂ ಬಳಸುವ ಮೊದಲು ಮನೆಯ ಹಿರಿಯರಿಗೆ ಒಮ್ಮೆ ತೋರಿಸಿ. ದುಡ್ಡಿಲ್ಲದೆ ಸಿಗುವ ಸಮೀಕ್ಷೆ ಅದು.

ಪ್ರಶ್ನೆ: ಪಶು ಆಹಾರದ ಡೀಲರ್ ನಾನು. ನನ್ನ ಹತ್ತಿರ ಎರಡು ಫೋಟೋ ಇವೆ: ಒಂದು ಬರೀ ಹಸು, ಇನ್ನೊಂದು ಹಸು ಮತ್ತು ಹಾಲು ಕರೆಯುವ ಹೆಂಗಸು. ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯುವುದು?
*(ಡೀಲರ್, ಅರಸೀಕೆರೆ)*

ಉತ್ತರ: ಎರಡನ್ನೂ ಓಡಿಸಿ. ಬರಹ ಒಂದೇ, ದುಡ್ಡು ಒಂದೇ, ತಾಲೂಕು ಒಂದೇ, ದಿನಗಳೂ ಒಂದೇ. ಫೋಟೋ ಮಾತ್ರ ಬೇರೆ. ಎರಡು ವಿಷಯ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗಲ್ಲ. ಒಂದು ವಾರ ಬಿಡಿ, ಮೊದಲ ದಿನವೇ ಗಾಬರಿಯಾಗಿ ನಿಲ್ಲಿಸಬೇಡಿ.

ಆಮೇಲೆ ಲೈಕ್ ನೋಡಬೇಡಿ, ಸಂದೇಶ ಎಣಿಸಿ. ಉದಾಹರಣೆಗೆ, 10,000 ಸಲ ತೋರಿಸಿದಾಗ ಒಂದಕ್ಕೆ 120 ಕ್ಲಿಕ್, ಇನ್ನೊಂದಕ್ಕೆ 70 ಅಂತಿಟ್ಟುಕೊಳ್ಳಿ. ಮೊದಲನೆಯದು ಗೆದ್ದಿತು ಅನಿಸುತ್ತದೆ. ಆದರೆ 120ರಲ್ಲಿ ವಾಟ್ಸ್ಆ್ಯಪಿಗೆ ಬಂದು 'ಚೀಲಕ್ಕೆ ಎಷ್ಟು?' ಅಂತ ಕೇಳಿದವರು 4 ಮಂದಿ, 70ರಲ್ಲಿ ಕೇಳಿದವರು 11 ಆದರೆ ಎರಡನೆಯದೇ ನಿಮ್ಮ ಫೋಟೋ. ಒಂದು ಸಂದೇಶಕ್ಕೆ ಎಷ್ಟು ರೂಪಾಯಿ ಬಿತ್ತು ಅನ್ನುವ ಲೆಕ್ಕ ಹಾಕಿ, ಉಳಿದದ್ದೆಲ್ಲ ಮನಸ್ಸಿನ ಸಂತೋಷಕ್ಕೆ.

ಪಶು ಆಹಾರ ಅಂದಾಗ ನನ್ನ ಮಾನ ಹೋದ ಕಥೆ ನೆನಪಾಗುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬಂದಾಗ, 'ಹಾಲು ಹೆಚ್ಚಲು ನಮ್ಮ ಹಿಂಡಿ' ಅನ್ನುವ ಜಾಹೀರಾತಿಗೆ ಹಳ್ಳಿಕಾರ್ ತಳಿಯ ಒಂದು ಸೊಗಸಾದ ಫೋಟೋ ಹಾಕಿದ್ದೆ. ಉದ್ದ ಕೊಂಬು, ಎತ್ತಿದ ತಲೆ, ಬೆಳಗಿನ ಬೆಳಕು. ನನಗಂತೂ ಬಹಳ ಹೆಮ್ಮೆ. ಅರ್ಧ ಗಂಟೆಯಲ್ಲಿ ಮಂಡ್ಯ ಕಡೆಯ ರೈತರೊಬ್ಬರ ಕಾಮೆಂಟು ಬಂತು: 'ಬುದ್ಧಿ, ಇದು ಹೋರಿ. ಇದರಲ್ಲಿ ಹಾಲು ಕರೆಯೋದು ಹೇಗೆ ಅಂತ ಒಂದ್ಸಲ ಬಂದು ತೋರಿಸಿಕೊಟ್ಟು ಹೋಗಿ.' ಅವತ್ತಿನಿಂದ ಯಾವ ಹಸುವಿನ ಫೋಟೋ ಬಂದರೂ ಮೊದಲು ಕೆಚ್ಚಲು ನೋಡುತ್ತೇನೆ, ಆಮೇಲೆ ಮುಖ. ನೀವೂ ನೋಡಿ. ತುಂಬಿದ ಕೆಚ್ಚಲು ಕಾಣದ ಹಸುವಿನ ಫೋಟೋ ಹಾಲಿನ ಜಾಹೀರಾತಿಗೆ ಪ್ರಯೋಜನವಿಲ್ಲ, ರೈತ ಮೊದಲು ನೋಡುವುದು ಅಲ್ಲೇ.

ಅಳತೆ ಕೇಳುವವರಿಗೆ: ಫೇಸ್‌ಬುಕ್, ಇನ್‌ಸ್ಟಾಗ್ರಾಂ ಫೀಡಿಗೆ 1080×1350 ಪಿಕ್ಸೆಲ್, ಸ್ಟೋರಿಗೆ 1080×1920. ಗೂಗಲ್ ಡಿಸ್‌ಪ್ಲೇ ಜಾಹೀರಾತಿಗೆ 1200×628ರ ಅಡ್ಡ ಫೋಟೋ ಒಂದು, 1200×1200ರ ಚೌಕ ಒಂದು. ಹಸು ಉದ್ದನೆಯ ಪ್ರಾಣಿ, ಸ್ಟೋರಿಯ ಎತ್ತರದ ಫೋಟೋದಲ್ಲಿ ಪೂರ್ತಿ ಹಿಡಿಸಲು ಹೋದರೆ ಇರುವೆಯಷ್ಟಾಗುತ್ತದೆ. ಸ್ಟೋರಿಗೆ ಕೆಚ್ಚಲೂ ಕಾಣುವ ಹಾಗೆ ಓರೆಯಿಂದ ತೆಗೆದದ್ದು ಬಳಸಿ. ಸ್ಟೋರಿಯ ಮೇಲೆ ನಿಮ್ಮ ಪುಟದ ಹೆಸರು, ಕೆಳಗೆ ಗುಂಡಿ ಬಂದು ಕೂರುತ್ತವೆ, ಹಾಗಾಗಿ ಕೊಂಬೂ ಕೆಚ್ಚಲೂ ನಡುವಿನಲ್ಲಿ ಬರುವಂತೆ ಜಾಗ ಬಿಡಿ.

ಪ್ರಶ್ನೆ: ಗೂಗಲ್‌ನಲ್ಲಿ ಸಿಕ್ಕ ಫೋಟೋ ಬಳಸಬಹುದಾ? ಇಲ್ಲ ಅಂದರೆ ಎಐನಿಂದ ಮಾಡಿಸಿಬಿಡಲಾ? ನನಗೆ ಮುಧೋಳ ನಾಯಿಯ ಫೋಟೋ ಬೇಕಾಗಿದೆ.
*(ಡಿಸೈನ್ ಕಲಿಯುತ್ತಿರುವವರು, ಹುಬ್ಬಳ್ಳಿ)*

ಉತ್ತರ: ಗೂಗಲ್ ಅಂಗಡಿಯಲ್ಲ, ಅಂಗಡಿಗಳ ದಾರಿ ತೋರಿಸುವ ಬೋರ್ಡು. ಅಲ್ಲಿ ಕಾಣುವ ಪ್ರತಿ ಫೋಟೋಕ್ಕೂ ಒಬ್ಬ ಒಡೆಯ ಇರುತ್ತಾನೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಇರುತ್ತದೆ. ಅನ್‌ಸ್ಪ್ಲಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಇಂಥ ಕಡೆ ಬಿಟ್ಟಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು, ನಿಯಮ ಓದಿಕೊಂಡು. ಒಡೆಯರೇ ಷರತ್ತು ಹಾಕಿ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್‌ನಲ್ಲಿ 'ಎನ್‌ಸಿ' ಅಂತ ಇದ್ದರೆ ವ್ಯಾಪಾರಕ್ಕಲ್ಲ ಅಂತ ಅರ್ಥ, ಜಾಹೀರಾತಿಗೆ ಬೇಡ. ದುಡ್ಡು ಕೊಟ್ಟು ಕೊಳ್ಳುವ ಕಡೆ 'ಎಡಿಟೋರಿಯಲ್' ಅಂತ ಬರೆದಿದ್ದರೂ ಬೇಡ, ಅದು ಸುದ್ದಿಗೆ ಮಾತ್ರ. ಬಿಟ್ಟಿ ಫೋಟೋದ ಕಷ್ಟ ಏನೆಂದರೆ ಅದೇ ನಾಯಿ ಇನ್ನೂ ಹತ್ತು ಅಂಗಡಿಯವರ ಹತ್ತಿರ ಇರುತ್ತದೆ. ಹಾಕುವ ಮೊದಲು ಗೂಗಲ್ ಲೆನ್ಸ್‌ನಲ್ಲಿ ಅದೇ ಫೋಟೋ ಬೇರೆ ಎಲ್ಲಿದೆ ಅಂತ ಒಮ್ಮೆ ನೋಡಿ.

ಪ್ರಾಣಿಯೇ ತೆಗೆದ ಫೋಟೋ ಆದರೆ? ನಗಬೇಡಿ, ಇದು ಕೋರ್ಟಿಗೆ ಹೋದ ವಿಷಯ. 2011ರಲ್ಲಿ ಇಂಡೊನೇಷ್ಯಾದಲ್ಲಿ ಡೇವಿಡ್ ಸ್ಲೇಟರ್ ಎಂಬ ಛಾಯಾಗ್ರಾಹಕರ ಕ್ಯಾಮೆರಾದಲ್ಲಿ ಕೋತಿಯೊಂದು ಸೆಲ್ಫಿ ತೆಗೆದುಕೊಂಡಿತು. ಹಕ್ಕು ಕೋತಿಯದ್ದು ಅಂತ ಪ್ರಾಣಿ ಹಕ್ಕಿನ ಸಂಘಟನೆಯೊಂದು ಕೋತಿಯ ಪರವಾಗಿ ಅಮೆರಿಕದಲ್ಲಿ ದಾವೆ ಹೂಡಿತು. ಕೋತಿಗೆ ಹಾಗೆ ದಾವೆ ಹೂಡುವ ಹಕ್ಕಿಲ್ಲ ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು. ಆ ಫೋಟೋದಲ್ಲಿ ಕೋತಿ ಹಲ್ಲು ಕಿರಿದದ್ದು ಎಲ್ಲರಿಗೂ ನಗು ಅನಿಸಿತು. ಕೋತಿ, ಚಿಂಪಾಂಜಿಗಳಲ್ಲಿ ಹಲ್ಲು ಪೂರ್ತಿ ತೋರಿಸುವುದು ಎಷ್ಟೋ ಸಲ ಹೆದರಿಕೆಯ ಗುರುತು. 'ನಗುವ ಚಿಂಪಾಂಜಿ' ಹುಡುಕುವವರು ಇದನ್ನು ನೆನಪಿಡಿ.

ಎಐ ವಿಷಯ. ನಾನೂ ಮುಧೋಳ ನಾಯಿ ಮಾಡಿಸಿ ನೋಡಿದೆ. ಒಂದು ಸಲ ಗ್ರೇಹೌಂಡ್ ಬಂತು, ಇನ್ನೊಂದು ಸಲ ಅದಕ್ಕೆ ಯಾರದೋ ಕಿವಿ. ಬಾಗಲಕೋಟೆ ಜಿಲ್ಲೆಯ ಜನ ಆ ನಾಯಿಯನ್ನು ಮನೆ ಮಗನ ಹಾಗೆ ಸಾಕಿದವರು. ಸಣ್ಣ ಸೊಂಟ, ಆಳವಾದ ಎದೆ, ಉದ್ದ ಮೂತಿ, ಎಲ್ಲಿ ಎಷ್ಟಿರಬೇಕು ಅಂತ ಅವರಿಗೆ ಗೊತ್ತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ನಮ್ಮ ಸೈನ್ಯವೂ ಅದನ್ನು ತರಬೇತಿಗೆ ಕರೆದುಕೊಂಡಿದೆ. ಅಂಥ ನಾಯಿಯನ್ನು ಯಂತ್ರದ ಅಂದಾಜಿಗೆ ಬಿಡುವುದೇಕೆ? ಹುಬ್ಬಳ್ಳಿಯಿಂದ ಮುಧೋಳಕ್ಕೆ ಬೆಳಿಗ್ಗೆ ಹೊರಟರೆ ಫೋಟೋ ತೆಗೆದು ಸಂಜೆಗೆ ವಾಪಸ್ ಬರಬಹುದು.

ಎಐನಿಂದ ಬಂದ ಪ್ರಾಣಿಯನ್ನು ಬಳಸಲೇಬೇಕು ಅಂದರೆ ಕಾಲು ಎಣಿಸಿ, ಬೆರಳು ಎಣಿಸಿ, ಕೊರಳಪಟ್ಟಿ ಚರ್ಮದೊಳಗೆ ಕರಗಿದೆಯಾ ನೋಡಿ, ಮೀಸೆ ಎಲ್ಲಿಂದ ಹುಟ್ಟಿದೆ ನೋಡಿ. ಗಾಯಗೊಂಡ ನಾಯಿಗೆ ಹಣ ಕೇಳುವ ಜಾಹೀರಾತಿಗೆ ಮಾತ್ರ ಖಂಡಿತ ಬೇಡ. ಇಲ್ಲದ ನಾಯಿಯ ಗಾಯ ತೋರಿಸಿ ಇರುವವರ ದುಡ್ಡು ಕೇಳುವುದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ.

ಪ್ರಶ್ನೆ: ನಮ್ಮದು ಮರದ ಗಾಣದ ಎಣ್ಣೆ. ಎತ್ತು ಗಾಣ ಸುತ್ತುವ ಫೋಟೋ ಹಾಕಿದರೆ ಒಳ್ಳೆ ರೆಸ್ಪಾನ್ಸ್ ಬರುತ್ತೆ. ಆದರೆ ನಮ್ಮ ಗಾಣ ಓಡುವುದು ಮೋಟಾರಿನಲ್ಲಿ. ಪರವಾಗಿಲ್ವಾ?
*(ಎಣ್ಣೆ ವ್ಯಾಪಾರಿ, ತುಮಕೂರು)*

ಉತ್ತರ: ಪರವಾಗಿದೆ. ಎತ್ತು ಫೋಟೋದಲ್ಲಿದ್ದರೆ ಎತ್ತೇ ಗಾಣ ಸುತ್ತುತ್ತದೆ ಅಂತ ಜನ ನಂಬುತ್ತಾರೆ, ನಂಬಲಿ ಅಂತಲೇ ಹಾಕುತ್ತೀರಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲಕ್ಕೇ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಅಷ್ಟು ದೂರ ಹೋಗುವುದೇ ಬೇಡ, ಒಬ್ಬ ಗಿರಾಕಿ ನಿಮ್ಮ ಗಾಣ ನೋಡಲು ಬಂದರೆ ಸಾಕು. ಮೋಟಾರಿನ ಗಾಣದಲ್ಲಿ ನಾಚಿಕೆ ಏನಿದೆ? ಮರದ ಒರಳು, ಸುರಿಯುವ ಎಣ್ಣೆ, ಪಕ್ಕದಲ್ಲಿ ಕಡಲೆಕಾಯಿ ಬೀಜ. ಹಿಂಡಿ ತಿನ್ನುವ ನಿಮ್ಮದೇ ಎಮ್ಮೆ ಇದ್ದರೆ ಅದನ್ನು ಹಾಕಿ, ಅದು ನಿಜ.

ಇನ್ನೊಂದು ವಿಷಯ. ನಾಳೆ ಯಾರಾದರೂ 'ಎತ್ತು ಬಾಡಿಗೆಗೆ ತಂದು ಆ್ಯಡ್ ವಿಡಿಯೋ ಮಾಡೋಣ' ಅಂದರೆ, ಚಿತ್ರೀಕರಣಕ್ಕೆ ಪ್ರಾಣಿ ಬಳಸುವ ಮೊದಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, 2001ರ ನಿಯಮ ಅದು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಇವನ್ನಂತೂ ಪ್ರದರ್ಶನಕ್ಕೆ ಪಳಗಿಸುವಂತೆಯೇ ಇಲ್ಲ.

ಪ್ರಶ್ನೆ: ನನ್ನ ನಾಯಿ ಕಪ್ಪು. ಮೊಬೈಲಿನಲ್ಲಿ ತೆಗೆದರೆ ಎರಡು ಕಣ್ಣು, ಒಂದು ನಾಲಿಗೆ ಬಿಟ್ಟರೆ ಏನೂ ಕಾಣಲ್ಲ. ನಾಯಿ ಬಟ್ಟೆ ಹೊಲಿಯುವ ನನ್ನ ವ್ಯಾಪಾರಕ್ಕೆ ಅದೇ ಮಾಡೆಲ್.
*(ದರ್ಜಿ, ಬೆಂಗಳೂರು)*

ಉತ್ತರ: ಒಳ್ಳೆಯ ಮಾಡೆಲ್. ಬಣ್ಣದ ಬಟ್ಟೆ ಕಪ್ಪು ಮೈಮೇಲೆ ಕಂಡಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣಲ್ಲ.

ನಡು ಮಧ್ಯಾಹ್ನದ ಬಿಸಿಲು ಬೇಡ, ಫ್ಲಾಶ್ ಬೇಡ. ಫ್ಲಾಶ್ ಬಿದ್ದರೆ ಕಣ್ಣು ಹಸಿರಾಗಿ ಹೊಳೆಯುತ್ತದೆ. ಬಾಗಿಲ ಹತ್ತಿರ ಅಥವಾ ವರಾಂಡದ ನೆರಳಿನಲ್ಲಿ, ಮುಖ ಆಕಾಶದ ಕಡೆ ಇರುವಂತೆ ಕೂರಿಸಿ. ಆಗ ಕಣ್ಣಿನಲ್ಲಿ ಒಂದು ಬಿಳಿ ಚುಕ್ಕೆ ಹೊಳೆಯುತ್ತದೆ, ಆ ಚುಕ್ಕೆ ಬಂದರೆ ನಾಯಿಗೆ ಜೀವ ಬಂದ ಹಾಗೆ. ಪರದೆಯಲ್ಲಿ ಕಣ್ಣಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲೆ ಎಳೆಯಿರಿ. ರೋಮ ಬಿಡಿ ಬಿಡಿಯಾಗಿ ಕಾಣುವವರೆಗೆ ಸಾಕು, ಬೂದಿ ಬಣ್ಣ ಬರುವಷ್ಟು ಬೇಡ. ಹಿಂದೆ ಹಳದಿ ಅಥವಾ ತಿಳಿ ಗೋಡೆ ಇರಲಿ. ಪೋರ್ಟ್ರೇಟ್ ಮೋಡ್ ಕಿವಿಯ ಅಂಚನ್ನೂ ಮೀಸೆಯನ್ನೂ ನುಂಗಿಬಿಡುತ್ತದೆ, ಅದನ್ನು ಬಿಟ್ಟು ಗೋಡೆಯಿಂದ ನಾಯಿಯನ್ನು ನಾಲ್ಕಡಿ ಮುಂದೆ ಕೂರಿಸಿ. ಗುಂಡಿ ಒತ್ತಿ ಹಿಡಿದು ಒಂದೇ ಉಸಿರಿಗೆ ಇಪ್ಪತ್ತು ತೆಗೆಯಿರಿ, ಹತ್ತೊಂಬತ್ತು ಅಳಿಸಿ.

ಕಿವಿ ಹಿಂದಕ್ಕೆ ಮಡಿಸಿ, ಬಾಲ ಒಳಗೆ ಸೇರಿಸಿ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆ ನೋಡುತ್ತಿದ್ದರೆ ಅದಕ್ಕೆ ಆ ಬಟ್ಟೆ ಹಿಂಸೆಯಾಗಿದೆ ಅಂತ ಅರ್ಥ. ಆವತ್ತು ಬಿಟ್ಟುಬಿಡಿ. ನಾಯಿ ಸಾಕಿದವರು ಅದನ್ನು ಫೋಟೋದಲ್ಲೇ ಗುರುತಿಸುತ್ತಾರೆ, ಮತ್ತೆ ಆ ಬಟ್ಟೆ ಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ಬೆಕ್ಕು ಕ್ಯಾಮೆರಾ ಕಡೆ ನೋಡುವುದೇ ಇಲ್ಲ. ಏನು ಮಾಡಲಿ?
*(ಓದುಗರು, ಧಾರವಾಡ)*

ಉತ್ತರ: ನಮ್ಮ ಮನೆಯದ್ದೂ ನೋಡಲ್ಲ. ಕ್ಯಾಮೆರಾ ಹಿಂದೆ ನಿಂತು ಬಿಸ್ಕತ್ತಿನ ಪೊಟ್ಟಣ ಪರಪರ ಅನಿಸಿದರೆ ಅರ್ಧ ಸೆಕೆಂಡು ನೋಡುತ್ತದೆ. ಎರಡನೇ ಸಲ ಮೋಸ ಹೋಗುವುದಿಲ್ಲ, ಹಾಗಾಗಿ ಮೊದಲ ಸಲಕ್ಕೇ ತಯಾರಾಗಿರಿ.